ಬಹರೈನ್ ಚರ್ಚ್‌ಗಳ ಸೇವಾಕಾರ್ಯ: ಡಿಸೆಂಬರಿನ ದಾನವೂ ಆಟಿ ತಿಂಗಳ ಕಷ್ಟವೂ

ಮನಾಮ: ಡಿಸೆಂಬರ್ ಬಂತೆಂದರೆ ಬಹರೈನಿನ ಚರ್ಚ್ ಸಮುದಾಯಗಳಲ್ಲಿ ಸೇವಾ ಸಮಿತಿಗಳಿಗೆ ಬಿಡುವಿಲ್ಲದ ಕೆಲಸ. ಅಕ್ಕಿ, ಬೇಳೆ, ಎಣ್ಣೆ, ಸೋಪು, ಚಳಿಗೊಂದು ಕಂಬಳಿ ತುಂಬಿದ ಚೀಲಗಳನ್ನು ಕಟ್ಟಿ, ಶುಕ್ರವಾರದ ಬಲಿಪೂಜೆ ಅಥವಾ ಆರಾಧನೆ ಮುಗಿದ ಮೇಲೆ ಕಾರ್ಮಿಕರ ಕ್ಯಾಂಪ್‌ಗಳಿಗೆ ಒಯ್ಯುವುದು ವಾಡಿಕೆ. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಇನ್ನೊಂದು ಸುತ್ತು ನಡೆಯುತ್ತದೆ. ಆಮೇಲೆ ಶಾಲೆಗಳಿಗೆ ರಜೆ ಸಿಕ್ಕಿ ನಮ್ಮ ಕುಟುಂಬಗಳು ಊರಿನ ವಿಮಾನ ಹತ್ತುತ್ತವೆ. ಇಲ್ಲಿಯ ಬಡ ಕಾರ್ಮಿಕನ ನಿಜವಾದ ಕಷ್ಟಕಾಲ ಶುರುವಾಗುವುದು ಆಗಲೇ.

ಕರಾವಳಿಯಿಂದ ಬಂದ ಓದುಗರಿಗೆ ಇದನ್ನು ಸುಲಭವಾಗಿ ಹೇಳಬಹುದು: ಬಹರೈನಿಗೂ ಒಂದು ಆಟಿ ತಿಂಗಳಿದೆ. ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿಯಲ್ಲಿ ಹಿಂದೆ ಮನೆಯ ಅಕ್ಕಿ ಮುಗಿಯುತ್ತಿತ್ತು, ಸುರಿಯುವ ಮಳೆಗೆ ಕೂಲಿ ಸಿಗುತ್ತಿರಲಿಲ್ಲ. ಕೆಸುವಿನೆಲೆ, ಕಣಿಲೆ, ಹಲಸಿನ ಬೀಜ ತಿಂದು ದಿನ ದೂಡುತ್ತಿದ್ದರು. ಇಲ್ಲಿ ಅದೇ ತಿಂಗಳುಗಳಲ್ಲಿ ಮಳೆಯ ಬದಲು 40 ಡಿಗ್ರಿ ದಾಟುವ ಬಿಸಿಲು, ಅದರ ಮೇಲೆ ಸಮುದ್ರದ ಆರ್ದ್ರತೆ. ನಾವೋ, ಏಸಿ ಹಾಕಿದ ಸಭಾಂಗಣದಲ್ಲಿ ‘ಆಟಿಡೊಂಜಿ ದಿನ’ ಆಚರಿಸಿ ಪತ್ರೊಡೆ ತಿಂದು ಬರುತ್ತೇವೆ. ತಿನ್ನಬಾರದೆಂದಲ್ಲ, ಪತ್ರೊಡೆ ರುಚಿಯಾಗಿಯೇ ಇರುತ್ತದೆ.

ಈ ದ್ವೀಪದಲ್ಲಿ ಕ್ರೈಸ್ತ ಸೇವೆಯ ಇತಿಹಾಸ ಹಳೆಯದು. ಅಮೆರಿಕದ ರಿಫಾರ್ಮ್ಡ್ ಚರ್ಚ್‌ನ ಸ್ಯಾಮ್ಯುಯೆಲ್ ಜ್ವೆಮರ್ 1892ರಲ್ಲಿ ಇಲ್ಲಿಗೆ ಬಂದರು. 1903ರಲ್ಲಿ ಮೇಸನ್ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ಅದೇ ಇಂದಿನ ಅಮೆರಿಕನ್ ಮಿಷನ್ ಆಸ್ಪತ್ರೆ. ಇಂದಿನ ಅಲ್ ರಾಜಾ ಶಾಲೆಯ ಬೇರು ಕೂಡ ಅದೇ ಮಿಷನ್ನಿನಲ್ಲಿದೆ. ಮತಾಂತರದ ಆಸೆಯಿಂದ ಬಂದವರಿಗೆ ಆ ದಿಕ್ಕಿನಲ್ಲಿ ಸಿಕ್ಕಿದ ಫಲ ಅತ್ಯಲ್ಪ. ಜನ ನೆನಪಿಟ್ಟುಕೊಂಡದ್ದು ಆಸ್ಪತ್ರೆಯನ್ನು ಮತ್ತು ಶಾಲೆಯನ್ನು. 1939ರಲ್ಲಿ ಆಗಿನ ದೊರೆ ಶೇಖ್ ಹಮದ್ ಬಿನ್ ಈಸಾ ಅಲ್ ಖಲೀಫಾ ಕೊಟ್ಟ ಜಾಗದಲ್ಲಿ ಮನಾಮದ ಸೇಕ್ರೆಡ್ ಹಾರ್ಟ್ ಚರ್ಚ್ ಎದ್ದಿತು. 2021ರ ಡಿಸೆಂಬರಿನಲ್ಲಿ ಅವಾಲಿಯಲ್ಲಿ ಅವರ್ ಲೇಡಿ ಆಫ್ ಅರೇಬಿಯಾ ಕೆಥೆಡ್ರಲ್ ಉದ್ಘಾಟನೆಯಾಯಿತು. 2022ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಬಂದಾಗ ನ್ಯಾಷನಲ್ ಸ್ಟೇಡಿಯಂನ ಬಲಿಪೂಜೆಗೆ ಸುಮಾರು 30,000 ಜನ ಸೇರಿದ್ದರು. ಸಖೀರ್ ಅರಮನೆಯ ಭಾಷಣದಲ್ಲಿ ಅವರು ವಲಸೆ ಕಾರ್ಮಿಕರ ಪ್ರಸ್ತಾಪ ಮಾಡಿ, ಕೆಲಸದ ಸ್ಥಿತಿಗತಿ ಸುರಕ್ಷಿತವೂ ಗೌರವಯುತವೂ ಆಗಿರಬೇಕೆಂದು ಹೇಳಿದ್ದು ನಮ್ಮ ವಿಷಯಕ್ಕೆ ಹತ್ತಿರವಾದದ್ದು.

ಊರಿನಲ್ಲಿ ನೋಡಿದರೂ ಹೀಗೆಯೇ. ಜರ್ಮನಿಯಿಂದ ಬಂದ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದರು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯವೂ ಆಯಿತು. ಅದು ಹಬ್ಬಕ್ಕೊಮ್ಮೆ ತೆರೆಯುವ ಬಾಗಿಲಾಗಿರಲಿಲ್ಲ. ಸಂಸ್ಥೆಗೂ ಸಮಿತಿಗೂ ಇರುವ ವ್ಯತ್ಯಾಸ ಇದೇ. ಸಂಸ್ಥೆಗೆ ಡ್ಯೂಟಿ ಪಟ್ಟಿ ಇರುತ್ತದೆ, ಒಬ್ಬರು ರಜೆ ಹೋದರೆ ಇನ್ನೊಬ್ಬರು ಬರುತ್ತಾರೆ. ಸಮಿತಿಗೆ ಇರುವುದು ಸದಸ್ಯರ ಬಿಡುವಿನ ವೇಳೆ. ಅರೇಬಿಯನ್ ಮಿಷನ್ನಿನ ಕುಟುಂಬಗಳು ಕೂಡ ಬೇಸಿಗೆಯಲ್ಲಿ ಕೊಡೈಕೆನಾಲ್ ಬೆಟ್ಟಕ್ಕೆ ಹೋಗುತ್ತಿದ್ದವು. ಆದ್ದರಿಂದ ರಜೆಗೆ ಹೋಗುವುದನ್ನು ತಪ್ಪೆಂದು ಯಾರೂ ಹೇಳಬೇಕಾಗಿಲ್ಲ. ಹೋಗುವವರು ಕೆಲಸವನ್ನು ಯಾರ ಕೈಗೆ ಕೊಟ್ಟು ಹೋಗುತ್ತಾರೆ ಎಂಬುದಷ್ಟೇ ಪ್ರಶ್ನೆ.

ಬೇಸಿಗೆಯ ಬಗ್ಗೆ ಸರಕಾರ ಕಣ್ಣು ಮುಚ್ಚಿ ಕುಳಿತಿಲ್ಲ. 2007ರಿಂದ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನ ಕೆಲಸಕ್ಕೆ ನಿಷೇಧವಿತ್ತು. 2025ರಲ್ಲಿ ಅದನ್ನು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಅಂದರೆ ಮೂರು ತಿಂಗಳಿಗೆ ವಿಸ್ತರಿಸಲಾಯಿತು. ಒಳ್ಳೆಯ ಕ್ರಮ. ಆದರೆ ಬಿಸಿಲಿನಿಂದ ಬಿಡುಗಡೆ ಸಿಕ್ಕಿದ ಕಾರ್ಮಿಕ ವಿಶ್ರಾಂತಿಗೆ ಹೋಗುವ ಕೋಣೆ ಹೇಗಿದೆ? ಒಂದು ಕೋಣೆಯಲ್ಲಿ ಹಲವರು, ಹಳೆಯ ಏಸಿ, ಹಳೆಯ ವೈರಿಂಗ್ ಇರುವ ಕಟ್ಟಡಗಳು ಮನಾಮದಲ್ಲಿ ಅಪರೂಪವಲ್ಲ. 2006ರ ಜುಲೈ 30ರಂದು ಗುದೈಬಿಯಾದ ವಸತಿಯೊಂದರಲ್ಲಿ ಬೆಂಕಿ ಬಿದ್ದು 16 ಭಾರತೀಯ ಕಾರ್ಮಿಕರು ಸತ್ತದ್ದನ್ನು ಹಳಬರು ಮರೆತಿಲ್ಲ. 2013ರ ಜನವರಿಯಲ್ಲಿ ಮನಾಮದಲ್ಲೇ ಇನ್ನೊಂದು ಬೆಂಕಿಗೆ 13 ಬಾಂಗ್ಲಾದೇಶಿ ಕಾರ್ಮಿಕರು ಬಲಿಯಾದರು. ಇಂಥ ಕೋಣೆಗಳೊಳಗೆ ಕಾಲಿಡುವ ಹೊರಗಿನವರು ಬಹಳ ಕಡಿಮೆ. ಚೀಲ ಹಿಡಿದು ಬರುವ ಚರ್ಚ್ ಸ್ವಯಂಸೇವಕರು ಅಂಥ ಕೆಲವರಲ್ಲಿ ಒಬ್ಬರು. ಅವರು ವರ್ಷಕ್ಕೆರಡು ಸಲ ಅಲ್ಲ, ತಿಂಗಳಿಗೊಮ್ಮೆ ಬಂದರೆ ತೂಗುಬಿದ್ದ ವೈರು, ಬಾಗಿಲಿಗೆ ಅಡ್ಡವಿಟ್ಟ ಗ್ಯಾಸ್ ಸಿಲಿಂಡರ್ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಅಕ್ಕಿ ಚೀಲಕ್ಕಿಂತ ಈ ಭೇಟಿಯೇ ಬೆಲೆಬಾಳುವಂಥದ್ದು ಎಂಬುದು ನಮ್ಮ ಅಭಿಪ್ರಾಯ.

ಚರ್ಚ್‌ನ ಬಲವಿರುವುದು ಹಣದಲ್ಲಿ ಅಲ್ಲ. ಹಣದ ಮಟ್ಟಿಗೆ ಕೈ ಕಟ್ಟಿಯೇ ಇದೆ: 2013ರ 21ನೇ ಶಾಸನದ ಪ್ರಕಾರ ಪರವಾನಗಿ ಇಲ್ಲದೆ ಸಾರ್ವಜನಿಕ ಉದ್ದೇಶಕ್ಕೆ ಹಣ ಸಂಗ್ರಹಿಸುವಂತಿಲ್ಲ. ನಮ್ಮ ಸಂಘಗಳ ಉತ್ಸಾಹಿಗಳು ವಾಟ್ಸಾಪ್‌ನಲ್ಲಿ ಸಹಾಯನಿಧಿಯ ಮನವಿ ಹಂಚುವ ಮೊದಲು ಇದನ್ನು ನೆನಪಿಟ್ಟುಕೊಳ್ಳುವುದು ಒಳಿತು. ಬಲವಿರುವುದು ವಾರವಾರ ಸೇರುವ ಅಭ್ಯಾಸದಲ್ಲಿ. ಸೇಕ್ರೆಡ್ ಹಾರ್ಟ್‌ನಂಥ ಚರ್ಚ್‌ನಲ್ಲಿ ಕೊಂಕಣಿ, ಮಲಯಾಳ, ತಮಿಳು, ಫಿಲಿಪ್ಪೀನ್ಸ್‌ನ ತಗಾಲೊಗ್ ಹೀಗೆ ಭಾಷೆಗೊಂದು ಗುಂಪಿದೆ. ಪ್ರತಿ ವಾರ ಅದೇ ಬೆಂಚಿನಲ್ಲಿ ಕೂರುವ ಹುಡುಗಿ ಎರಡು ವಾರ ಕಾಣದಿದ್ದರೆ ಪಕ್ಕದವರು ಫೋನು ಮಾಡುತ್ತಾರೆ. ಸಂಬಳ ಬಂದಿಲ್ಲ, ಪಾಸ್‌ಪೋರ್ಟ್ ಕೈಯಲ್ಲಿಲ್ಲ, ಊರಿನಲ್ಲಿ ತಾಯಿಗೆ ಹುಷಾರಿಲ್ಲ ಎಂಬ ಸುದ್ದಿ ಮೊದಲು ಹೊರಬರುವುದು ಇಂಥ ಫೋನಿನಿಂದಲೇ.

ಆದರೆ ಇದೇ ಬಲಕ್ಕೆ ಒಂದು ಮಿತಿಯೂ ಇದೆ. ಬೆಂಚಿಗೆ ಬರಲಾಗದವರ ಲೆಕ್ಕ ಯಾರ ಬಳಿಯೂ ಇಲ್ಲ. ಬಹರೈನಿನ 2012ರ ಕಾರ್ಮಿಕ ಕಾಯಿದೆ ಮನೆಗೆಲಸದವರನ್ನು ಕೆಲವು ಕಲಮುಗಳಿಗೆ ಮಾತ್ರ ಒಳಪಡಿಸಿತು. ವಾರ್ಷಿಕ ರಜೆಯ ಹಕ್ಕು ಅವರಿಗೆ ಸಿಕ್ಕಿತು, ವಾರದ ರಜೆ ಮತ್ತು ದಿನದ ದುಡಿಮೆಯ ಮಿತಿ ಸಿಗಲಿಲ್ಲ. ಶುಕ್ರವಾರ ಹೊರಬರಲು ಬಿಡದ ಮನೆಯಲ್ಲಿರುವ ಹೆಣ್ಣುಮಗಳಿಗೆ ಚರ್ಚ್‌ನ ಚೀಲವೂ ತಲುಪುವುದಿಲ್ಲ, ಸಂಘದ ಹೋಳಿಗೆಯೂ ತಲುಪುವುದಿಲ್ಲ. ಇಂಥವರಿಗಾಗಿ 2005ರಲ್ಲಿ ನೋಂದಣಿಯಾದ ಮೈಗ್ರೆಂಟ್ ವರ್ಕರ್ಸ್ ಪ್ರೊಟೆಕ್ಷನ್ ಸೊಸೈಟಿ ಮಹಿಳೆಯರ ಆಶ್ರಯತಾಣ ನಡೆಸುತ್ತ ಬಂದಿದೆ. ಭಾರತೀಯರಿಗಾಗಿ ರಾಯಭಾರ ಕಚೇರಿಯ ಆಶ್ರಯದಲ್ಲಿ 1999ರಲ್ಲಿ ಹುಟ್ಟಿದ ಇಂಡಿಯನ್ ಕಮ್ಯುನಿಟಿ ರಿಲೀಫ್ ಫಂಡ್ ಇದೆ. ಬೇಸಿಗೆಯಲ್ಲಿ ಕೆಲಸದ ಜಾಗಕ್ಕೇ ಹೋಗಿ ನೀರು, ಹಣ್ಣು ಹಂಚುವ ಅದರ ‘ಥರ್ಸ್ಟ್ ಕ್ವೆಂಚರ್ಸ್’ ಕಾರ್ಯಕ್ರಮ ಶ್ಲಾಘನೀಯ. ಹಬ್ಬದ ಪಂಚಾಂಗ ನೋಡದೆ ಕಷ್ಟದ ಪಂಚಾಂಗ ನೋಡಿದ ಉದಾಹರಣೆ ಇದು.

ಹಾಗಾದರೆ ಚರ್ಚ್ ಸಮುದಾಯಗಳು, ಅವುಗಳ ಜೊತೆ ನಮ್ಮ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘಟನೆಗಳು ಏನು ಮಾಡಬಹುದು? ಹೊಸ ಟ್ರಸ್ಟ್, ಹೊಸ ಬ್ಯಾನರ್ ಬೇಕಾಗಿಲ್ಲ. ಕುಟುಂಬವನ್ನು ಊರಿಗೆ ಕಳಿಸಿ ಆಗಸ್ಟ್‌ನಲ್ಲಿ ಒಬ್ಬರೇ ಉಳಿಯುವ ಗಂಡಸರು ಪ್ರತಿ ಸಮುದಾಯದಲ್ಲೂ ಇದ್ದಾರೆ; ಹೆಂಡತಿ ಮಕ್ಕಳಿಲ್ಲದ ಮನೆಯಲ್ಲಿ ಶುಕ್ರವಾರದ ಮಧ್ಯಾಹ್ನ ಕಳೆಯುವುದೇ ಅವರಿಗೆ ಕಷ್ಟ. ಒಂದು ಚರ್ಚ್‌ನವರು ರಜೆಗೆ ಹೋಗುವ ಮುನ್ನ ತಾವು ಭೇಟಿ ಕೊಡುವ ಕ್ಯಾಂಪ್‌ಗಳ ಪಟ್ಟಿಯನ್ನು ಇಂಥವರ ಕೈಗೆ ಕೊಡಬಹುದು, ಅವರು ಯಾವ ಧರ್ಮದವರಾದರೂ ಸರಿ. ಒಯ್ಯುವ ವಸ್ತುವೂ ಬದಲಾಗಬೇಕು: ಕಂಬಳಿಯ ಬದಲು ಓಆರ್‌ಎಸ್ ಪುಡಿ, ಕುತ್ತಿಗೆ ಮುಚ್ಚುವ ಟೋಪಿ, ಊರಿಗೆ ಮಾತಾಡಲು ಮೊಬೈಲ್ ರೀಚಾರ್ಜ್. ಅದಕ್ಕಿಂತ ಹೆಚ್ಚಾಗಿ ಕಾಗದಪತ್ರ ಓದಿ ಹೇಳುವವರು ಬೇಕು. 2021ರಿಂದ ಹಂತಹಂತವಾಗಿ ಬಂದ ವೇತನ ರಕ್ಷಣಾ ವ್ಯವಸ್ಥೆಯಿಂದ ಸಂಬಳ ಬ್ಯಾಂಕಿಗೆ ಹೋಗುತ್ತದೆ, ಬಾರದಿದ್ದರೆ ಅದೂ ದಾಖಲೆಯಲ್ಲಿ ಗೊತ್ತಾಗುತ್ತದೆ. ಅರಬ್ಬಿ, ಇಂಗ್ಲಿಷ್ ಓದಲು ಬಾರದವನಿಗೆ ಆ ದಾಖಲೆ ಇದ್ದೂ ಇಲ್ಲದಂತೆ. ನಮ್ಮಲ್ಲಿ ಬ್ಯಾಂಕ್, ಅಕೌಂಟ್ಸ್, ಎಚ್‌ಆರ್ ವಿಭಾಗಗಳಲ್ಲಿ ದುಡಿಯುವವರೇ ಎಷ್ಟೋ ಮಂದಿ. ದೂರು ಬರೆಯಲು, ಯಾವ ಕೌಂಟರಿಗೆ ಹೋಗಬೇಕೆಂದು ಹೇಳಲು ಅರ್ಧ ಗಂಟೆ ಸಾಕು.

ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್ ಹೊತ್ತಿಗೆ ಕುಟುಂಬಗಳು ಮರಳಿ, ಚರ್ಚ್‌ಗಳು ಮತ್ತೆ ತುಂಬುತ್ತವೆ. ಆಗ ಮಧ್ಯಾಹ್ನದ ನಿಷೇಧ ಮುಗಿಯಲು ಇನ್ನೊಂದೇ ವಾರ. ನಿಷೇಧ ಜಾರಿಗೆ ಬರುವುದು ಜೂನ್ 15ಕ್ಕೆ. ಪಟ್ಟಿ ಕೈ ಬದಲಾಯಿಸಬೇಕಾದರೆ ಸೇವಾ ಸಮಿತಿಗಳ ಸಭೆ ಮೇ ತಿಂಗಳಲ್ಲೇ, ಟಿಕೆಟ್ ಬುಕ್ ಮಾಡಿದವರು ಹೊರಡುವ ಮೊದಲು, ನಡೆಯಬೇಕು.