ಜೂಜಿಗೆ ವ್ಯಾಪಾರವೆಂಬ ಹೆಸರೇ?

ಸಪ್ತವ್ಯಸನಗಳ ಗಣನೆಯಲ್ಲಿ ಪೂರ್ವಾಚಾರ್ಯರು ದ್ಯೂತಕ್ಕೆ ಮೊದಲ ಸ್ಥಾನವನ್ನಿತ್ತರು. ಇಂದಿನ ಜಗತ್ತು ಅದೇ ದ್ಯೂತವನ್ನು ಎರಡಾಗಿ ವಿಂಗಡಿಸಿದೆ. ಬಿಡುವಿನ ವೇಳೆಯಲ್ಲಿ ಕ್ಯಾಸಿನೋದ ಮೇಜಿಗೆ ಕುಳಿತು ಪೋಕರ್ ಆಡುವವನಿಗೆ ಅದು ಹವ್ಯಾಸವಂತೆ. ಅದರಿಂದಲೇ ಸಂಸಾರ ಸಾಗಿಸುವವನಿಗೆ ವೃತ್ತಿಯಂತೆ. ಹವ್ಯಾಸವು ನಿರುಪದ್ರವಿ, ವೃತ್ತಿಯು ಒಂದು ಬಗೆಯ ವ್ಯಾಪಾರ ಎಂಬ ಸಮರ್ಥನೆಯೂ ಸಿದ್ಧವಾಗಿದೆ. ಈ ಎರಡು ಮಾತುಗಳೂ ಲೆಕ್ಕದ ಪುಸ್ತಕದ ಮುಂದೆ ನಿಲ್ಲಲಾರವು.

ಜೀವನೋಪಾಯಕ್ಕಾಗಿ ಪೂರ್ಣಕಾಲ ಪಣ ಕಟ್ಟುವವನು ಆದಾಯ ತೆರಿಗೆಯ ದೃಷ್ಟಿಯಿಂದ ವ್ಯಾಪಾರನಿರತನೇ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಗ್ರೋಟ್ಸಿಂಗರ್ ಪ್ರಕರಣದಲ್ಲಿ ತೀರ್ಪಿತ್ತಿತು. ಆತನ ಪಣ ನಾಯಿಗಳ ಓಟದ ಮೇಲೆ. ಆದರೆ ಪೋಕರನ್ನೇ ಕಸುಬಾಗಿಸಿಕೊಂಡವರಿಗೂ ಅದೇ ತತ್ತ್ವ ಅನ್ವಯಿಸುತ್ತದೆ. ವಾರಕ್ಕೆ 60ರಿಂದ 80 ಗಂಟೆ ಶ್ರಮಿಸಿದ ಆ ಮನುಷ್ಯನ 1978ರ ಲೆಕ್ಕವಿದು: ಕಟ್ಟಿದ್ದು 72,032 ಡಾಲರ್, ಬಂದದ್ದು 70,000 ಡಾಲರ್. ತೆರಿಗೆಯ ಕಾನೂನು ದುಡಿಮೆಯ ಗಂಟೆಗಳನ್ನೂ ಉದ್ದೇಶವನ್ನೂ ನೋಡುತ್ತದೆ. ಧರ್ಮವಾದರೋ ಧನವು ಎಲ್ಲಿಂದ ಬಂತೆಂದು ಕೇಳುತ್ತದೆ.

ಜವಳಿ ಮಾರಿದವನಿಗೆ ಹಣ ಸಿಕ್ಕರೆ ಕೊಂಡವನಿಗೆ ಬಟ್ಟೆ ಸಿಗುತ್ತದೆ. ಇಬ್ಬರೂ ತೃಪ್ತರಾಗಿ ಮನೆಗೆ ಹೋಗುತ್ತಾರೆ. ಪೋಕರ್ ಮೇಜಿನಲ್ಲಿ ಏನೂ ಉತ್ಪತ್ತಿಯಾಗುವುದಿಲ್ಲ. ಮೇಲಾಗಿ ಪಣದ ರಾಶಿಯಿಂದಲೋ ಗಂಟೆಗಿಷ್ಟರಂತೆಯೋ ಕ್ಯಾಸಿನೋ ತನ್ನ ಪಾಲನ್ನು ಕಳೆದುಕೊಳ್ಳುವುದರಿಂದ, ಆಟಗಾರರೆಲ್ಲ ಒಟ್ಟಾಗಿ ಕೊಂಡೊಯ್ಯುವುದು ತಂದುದಕ್ಕಿಂತ ಕಡಿಮೆಯೇ.

2003ರಲ್ಲಿ ಲಾಸ್ ವೇಗಾಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಸ್ಪರ್ಧೆಯನ್ನು ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಗೆದ್ದು 25 ಲಕ್ಷ ಡಾಲರ್ ಪಡೆದ. ಹವ್ಯಾಸಿಯಾಗಿದ್ದವನು ಅನಂತರ ಉದ್ಯೋಗ ಬಿಟ್ಟು ವೃತ್ತಿಪರನಾದ. ಈ ಕಥೆ ಅಸಂಖ್ಯಾತ ತರುಣರನ್ನು ಸೆಳೆಯಿತು; 2006ರ ಹೊತ್ತಿಗೆ ಅದೇ ಸ್ಪರ್ಧೆಗೆ 8,773 ಮಂದಿ ಬಂದರು. ಆದರೆ ಲೆಕ್ಕಿಗನ ಗೆಲುವಿನ ಲೆಕ್ಕವನ್ನು ಯಾರು ಬರೆದರು? 2003ರಲ್ಲಿ ತಲಾ 10,000 ಡಾಲರ್ ಪ್ರವೇಶಧನದ 839 ಸ್ಥಾನಗಳಿಂದ ಕೂಡಿದ್ದು 83,90,000 ಡಾಲರ್. ಹಂಚಿದ್ದು 78,02,700 ಡಾಲರ್. ಬಹುಮಾನ ದೊರೆತದ್ದು 63 ಮಂದಿಗೆ. ಉಳಿದ 776 ಮಂದಿ ಬರಿಗೈಯಲ್ಲಿ ಎದ್ದರು. ಜಮಾ ಪುಟವನ್ನು ಮಾತ್ರ ತೋರಿಸಿ ಖರ್ಚಿನ ಪುಟವನ್ನು ಮಡಚುವವನನ್ನು ಯಾವ ಪೇಟೆಯಲ್ಲಿ ಪ್ರಾಮಾಣಿಕನೆನ್ನುತ್ತಾರೆ?

ಪೋಕರ್ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬುದು ವೃತ್ತಿಪರರ ವಾದ. ಒಪ್ಪೋಣ. ಅವರಲ್ಲಿ ಶಿಸ್ತುಂಟು, ಸಂಯಮವುಂಟು, ದಿನದ ಲೆಕ್ಕವನ್ನು ತಪ್ಪದೆ ಬರೆಯುವವರೂ ಉಂಟು. ಆದರೆ ಕೌಶಲವೆಂದೊಡನೆ ದೋಷ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅದೃಷ್ಟವನ್ನು ನಂಬಿದವನು ಮೂಢ. ಎದುರಿನವನು ತನಗಿಂತ ದುರ್ಬಲನೆಂದು ತಿಳಿದೇ ಆ ಮೇಜನ್ನು ಆರಿಸುವವನು ಮೂಢನಲ್ಲ. ಸಮಬಲರೊಡನೆ ಮಾತ್ರ ಆಡಿದರೆ ಅವನ ಜೀವನ ಸಾಗದು. ಎದುರಿನವನು ದಣಿಯಲಿ, ಕುಡಿಯಲಿ, ಸೋತ ಸಿಟ್ಟಿನಲ್ಲಿ ಮತ್ತೆ ಹಣ ತೆಗೆಯಲಿ ಎಂದು ಕಾಯುವುದೇ ಅವನ ಬಂಡವಾಳ. ಗಿರಾಕಿಯ ಕೇಡನ್ನು ಬಯಸಿ ಬಾಳುವ ವರ್ತಕನುಂಟೇ? ಇದು ಭಾವಹಿಂಸೆಯಲ್ಲದೆ ಬೇರೇನು?

ಹಾಗಾದರೆ ಹವ್ಯಾಸಿ ನಿರಪರಾಧಿಯೇ? ಕಳೆದುಕೊಳ್ಳಲು ಶಕ್ತಿಯಿದ್ದಷ್ಟನ್ನೇ ಕಟ್ಟುತ್ತೇನೆಂದು ಅವನು ಹೇಳಿಕೊಳ್ಳುತ್ತಾನೆ. ಗೆದ್ದ ದಿನ, ಸೋತವನಿಗೆ ಆ ಶಕ್ತಿಯಿತ್ತೇ ಎಂದು ಅವನು ವಿಚಾರಿಸಿದ್ದುಂಟೇ? ವೃತ್ತಿಪರನ ಮನೆಯ ಒಲೆ ಉರಿಯುವುದು ಹವ್ಯಾಸಿಗಳು ತಂದ ಸೌದೆಯಿಂದ. ಸಂಬಳದ ಹಣವನ್ನು ಮೇಜಿಗೆ ತರುವವರು ಇಲ್ಲವಾದರೆ ಆ ವೃತ್ತಿಯೇ ಇಲ್ಲ. ಪಣವಿಲ್ಲದ ಆಟದ ಮಾತು ಬೇರೆ. ಪಣವಿಟ್ಟ ಮೇಲೆ ಇಬ್ಬರೂ ಒಂದೇ ಅಂಗಡಿಯ ಪಾಲುದಾರರು.

ಈ ಪ್ರಶ್ನೆ ಸಾಗರದಾಚೆಯದು ಮಾತ್ರವಲ್ಲ. ಪಣಜಿಯಲ್ಲಿ ಮಾಂಡವಿ ನದಿಯ ಕ್ಯಾಸಿನೋ ಹಡಗುಗಳಲ್ಲಿಯೂ ಪೋಕರ್ ಮೇಜುಗಳಿವೆ. ಕರ್ನಾಟಕದ ಗಡಿಯಿಂದ ಅದು ಕೆಲವೇ ಗಂಟೆಗಳ ದಾರಿ. ಮನೆಯ ತರುಣನು ಇದನ್ನೂ ಒಂದು ಉದ್ಯೋಗವೆಂದು ವಾದಿಸಿದರೆ ಹಿರಿಯರು ಗದರಿಸಿ ಸುಮ್ಮನಾಗಬಾರದು. ಅವನ ಮುಂದೆ ಲೆಕ್ಕದ ಪುಸ್ತಕವನ್ನು ತೆರೆದಿಟ್ಟು, ನಿನ್ನ ಜಮೆಗೆ ಎದುರಾಗಿ ಯಾರ ಹೆಸರಿನಲ್ಲಿ ಖರ್ಚು ಬರೆಯಲಿ ಎಂದು ಕೇಳಬೇಕು. ಶ್ರಾವಕನ ಗೃಹಕ್ಕೆ ನ್ಯಾಯೋಪಾತ್ತ ಧನವೇ ಶೋಭೆ. ಆ ಹೆಸರನ್ನು ಹೇಳಲು ನಾಚುವಂತಹ ಧನವು ಬಾಗಿಲಾಚೆಯೇ ಇರಲಿ.