ಕಲ್ಲಿದ್ದಲಿಗೆ ಹಸಿರು ಬಳಿಯುವ ಜಾಹೀರಾತು ನಿಲ್ಲಲಿ



ಅಂಗಡಿಗೆ ಹೋಗಿ ಕಲ್ಲಿದ್ದಲು ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ? ಅದನ್ನು ಕೊಳ್ಳುವುದು ವಿದ್ಯುತ್ ಸ್ಥಾವರ. ಸ್ಥಾವರದ ಕರೆಂಟನ್ನು ಎಸ್ಕಾಂಗಳು ಹತ್ತಾರು ವರ್ಷಗಳ ಒಪ್ಪಂದದ ಮೇಲೆ ಕೊಳ್ಳುತ್ತವೆ. ಹಾಗಿದ್ದ ಮೇಲೆ ವಿಶ್ವ ಪರಿಸರ ದಿನವಾದ ಜೂನ್ 5 ಬಂತೆಂದರೆ ಪತ್ರಿಕೆಯ ಪುಟ ತುಂಬ ಕಲ್ಲಿದ್ದಲು ಕಂಪನಿಗಳ ಜಾಹೀರಾತಿನಲ್ಲಿ ಸಸಿ, ಬೊಗಸೆ ಮಣ್ಣು, ನಗುವ ಮಗು ಅಚ್ಚಾಗುವುದು ಯಾರಿಗೋಸ್ಕರ? ನಮಗೋಸ್ಕರ. ನಾಳೆ ನಮ್ಮೂರಲ್ಲೇ ಸ್ಥಾವರಕ್ಕಾಗಿ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಯಾರೂ ತಕರಾರು ಎತ್ತಬಾರದು, ಅದಕ್ಕೆ ಈ ಮುಂಗಡ.

ಈ ಕಂಪನಿಗಳ ಮೆಚ್ಚಿನ ಮಾತು 'ಕ್ಲೀನ್ ಕೋಲ್'. ಅದರ ಬೆನ್ನಿಗೇ 'ಸೂಪರ್ ಕ್ರಿಟಿಕಲ್ ತಂತ್ರಜ್ಞಾನ' ಎಂಬ ಇನ್ನೊಂದು. ಹಬೆಯ ಒತ್ತಡ, ಉಷ್ಣತೆ ಏರಿಸಿದರೆ ಅಷ್ಟೇ ಕರೆಂಟಿಗೆ ಸ್ವಲ್ಪ ಕಡಿಮೆ ಕಲ್ಲಿದ್ದಲು ಸಾಕಾಗುತ್ತದೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಬೂದಿ. ಚಿಮಣಿಗೆ ಹೋಗದಂತೆ ತಡೆದ ಬೂದಿ ಹೊಂಡ ಸೇರುತ್ತದೆ. ಬೇಸಿಗೆಯಲ್ಲಿ ಹೊಂಡ ಒಣಗಿ ಗಾಳಿ ಎದ್ದರೆ ಊರು ಸೇರುತ್ತದೆ. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಅದನ್ನು ಪೂರ್ತಿ ಹಿಡಿದಿಡುವ ಸ್ಥಾವರ ಭಾರತದಲ್ಲಿ ಒಂದೂ ಇಲ್ಲ. ಗಂಧಕದ ಹೊಗೆಗೆ ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಮಿತಿ ಹೇರಿ ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕ ತೊಳೆಯುವ ಯಂತ್ರದಿಂದಲೇ ವಿನಾಯಿತಿ ಸಿಕ್ಕಿತು. ಯಂತ್ರವೇ ಇಲ್ಲದ ಚಿಮಣಿ 'ಕ್ಲೀನ್' ಆಗುವುದು ಜಾಹೀರಾತಿನಲ್ಲಿ ಮಾತ್ರ.

ಉಡುಪಿ ಜಿಲ್ಲೆಯ ಎಲ್ಲೂರು, ನಂದಿಕೂರು ಕಡೆಯವರನ್ನು ಕೇಳಿ. ಗಿಡದ ಎಲೆಯ ಮೇಲೆ ಬೂದಿ, ಬಾವಿಯ ನೀರಿನಲ್ಲಿ ಉಪ್ಪು ಎಂದು ಅವರು ವರ್ಷಗಟ್ಟಲೆ ಕಚೇರಿ, ಕೋರ್ಟು ಅಲೆದರು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಇಂಥ ಸುದ್ದಿಗೆ ಒಳಪುಟದ ಮೂಲೆ, ಸಸಿಯ ಚಿತ್ರಕ್ಕೆ ಮುಖಪುಟ! ಪತ್ರಿಕೆಗಳೂ ಬದುಕಬೇಕಲ್ಲ ಅನ್ನಬಹುದು. ಆದರೆ ಸಿಗರೇಟಿನ ಜಾಹೀರಾತು 2003ರ ಕಾನೂನಿನಿಂದ ನಿಂತಿತು. ಅದರಿಂದ ಪತ್ರಿಕೆಗಳೇನೂ ಬಾಗಿಲು ಹಾಕಲಿಲ್ಲ.

ಬೇರೆ ಕಡೆ ಜನ ಸುಮ್ಮನೆ ಕೂತಿಲ್ಲ. ಅಮೆರಿಕದಲ್ಲಿ ಕಲ್ಲಿದ್ದಲು ಕಂಪನಿಗಳು 'ಕ್ಲೀನ್ ಕೋಲ್' ಪ್ರಚಾರಕ್ಕೆ ಹಣ ಸುರಿದಾಗ ಪರಿಸರ ಸಂಘಟನೆಗಳು 2009ರಲ್ಲಿ ಜಾಹೀರಾತಿನಿಂದಲೇ ಉತ್ತರ ಕೊಟ್ಟವು. ಸಿನಿಮಾ ಲೋಕದ ಕೋಯೆನ್ ಸಹೋದರರು ನಿರ್ದೇಶಿಸಿದ ಆ ತುಣುಕಿನಲ್ಲಿ ಮಾತಿನ ಮಲ್ಲನೊಬ್ಬ 'ಕ್ಲೀನ್ ಕೋಲ್' ಸುಗಂಧದ ಡಬ್ಬಿ ಹಿಡಿದು ಬರುತ್ತಾನೆ. ಡಬ್ಬಿ ಒತ್ತಿದರೆ ಮನೆ ತುಂಬ ಕಪ್ಪು ಪುಡಿ, ಮನೆಮಂದಿಗೆಲ್ಲ ಕೆಮ್ಮು. ಬ್ರಿಟನ್ನಿನಲ್ಲಿ ಪೀಬಾಡಿ ಎಂಬ ಕಲ್ಲಿದ್ದಲು ಕಂಪನಿ ಜಗತ್ತಿನ ಬಡವರ ಮನೆ ಬೆಳಗುವ ಮಾತಾಡಿ ಜಾಹೀರಾತು ಕೊಟ್ಟಿತ್ತು. ಬಡವರೆಂದರೆ ನಾವೇ, ಬೇರೆ ಯಾರು! 'ಕ್ಲೀನ್ ಕೋಲ್' ಎಂಬ ಆ ಜಾಹೀರಾತಿನ ಮಾತು ದಾರಿ ತಪ್ಪಿಸುವಂಥದ್ದೆಂದು ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ 2014ರಲ್ಲಿ ತೀರ್ಪು ಕೊಟ್ಟಿತು. ನೆದರ್ಲೆಂಡ್ಸಿನ ಹೇಗ್ ನಗರದ ಬೀದಿಗಳಲ್ಲಿ 2025ರ ಜನವರಿಯಿಂದ ಪಳೆಯುಳಿಕೆ ಇಂಧನಗಳ ಜಾಹೀರಾತೇ ನಿಷಿದ್ಧ.

"ಹಾಗಾದರೆ ಕರೆಂಟು ಬೇಡವೇ?" ಎಂದು ಕೇಳುವವರಿದ್ದಾರೆ. ಬೇಕು. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಘಟಕಗಳನ್ನು ನಾಳೆ ಬೆಳಗ್ಗೆಯೇ ಆರಿಸಿ ಎಂದು ಈ ಕರಪತ್ರ ಹೇಳುತ್ತಿಲ್ಲ. ಎಷ್ಟು ವರ್ಷ ಉರಿಸಬೇಕು, ಯಾವ ಊರಿನ ಪಕ್ಕ ಉರಿಸಬೇಕು ಎಂದು ತೀರ್ಮಾನಿಸುವಾಗ ಜನರ ಕೈಯಲ್ಲಿ ನಿಜವಾದ ಲೆಕ್ಕ ಇರಲಿ ಎನ್ನುತ್ತಿದೆ.

ನಮ್ಮ ಬೇಡಿಕೆ: ಸಿಗರೇಟಿನ ಹಾಗೆ ಕಲ್ಲಿದ್ದಲು ಮತ್ತು ಕಲ್ಲಿದ್ದಲು ವಿದ್ಯುತ್ತಿನ ಪ್ರಚಾರ ಜಾಹೀರಾತನ್ನೂ ಕಾನೂನು ನಿಷೇಧಿಸಲಿ. ಸರ್ಕಾರಿ ಕಂಪನಿಗಳಿಗೂ ಇದು ಅನ್ವಯಿಸಲಿ. ಅವು ಖರ್ಚು ಮಾಡುವುದು ನಮ್ಮದೇ ದುಡ್ಡು.

ಅಲ್ಲಿಯವರೆಗೆ ಇರುವ ನಿಯಮವನ್ನೇ ಬಳಸೋಣ. ಆಧಾರ ಕೊಡದೆ 'ಕ್ಲೀನ್', 'ಗ್ರೀನ್' ಎಂದು ಹೇಳಿಕೊಳ್ಳುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅಂಥ ಜಾಹೀರಾತು ಕಂಡರೆ ಕತ್ತರಿಸಿಡಿ, ಪತ್ರಿಕೆಯ ಹೆಸರು, ತಾರೀಖು ಬರೆದಿಡಿ. ರಸ್ತೆ ಬದಿಯ ಫಲಕವಾದರೆ ಫೋಟೋ ತೆಗೆಯಿರಿ. ದೂರು ಹೇಗೆ ಕೊಡಬೇಕೆಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೇಳಿ. ಕಲ್ಲಿದ್ದಲು ಎಷ್ಟು ಸುಟ್ಟಿರಿ, ಬೂದಿ ಎಲ್ಲಿ ಹಾಕಿದಿರಿ ಎಂದು ಕಂಪನಿಗೂ ಒಂದು ಪತ್ರ ಹಾಕಿ, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.