ಮುಕೇಶ್ ಬೇಸುರನಾದರೆ ಸಲಿಲ್‌ದಾಗೆ ಕಿವಿಯಿರಲಿಲ್ಲವೇ?

ಹಳೆಯ ಹಿಂದಿ ಹಾಡುಗಳ ಮಾತು ಬಂತೆಂದರೆ ರಫಿ, ಕಿಶೋರ್, ಮನ್ನಾ ಡೇ ಪಕ್ಷದವರೆಲ್ಲ ಸೇರಿ ಮುಗಿಬೀಳುವುದು ಮುಕೇಶ್ ಮೇಲೆ. ತಮ್ಮತಮ್ಮಲ್ಲಿ ಎಷ್ಟೇ ಕಿತ್ತಾಡಲಿ, ಈ ಒಂದು ವಿಷಯದಲ್ಲಿ ಅವರದು ಒಮ್ಮತ. ಅವರ ಆಕ್ಷೇಪಗಳಲ್ಲಿ ಕೆಲವಕ್ಕೆ ಹುರುಳಿದೆ, ಹೆಚ್ಚಿನವಕ್ಕೆ ಇಲ್ಲ.

‘ಸೈಗಲ್‌ರ ನಕಲು’ ಎಂಬುದು ಎಲ್ಲಕ್ಕಿಂತ ಹಳೆಯದು. 1945ರ ‘ಪೆಹಲೀ ನಜರ್’ ಚಿತ್ರಕ್ಕೆ ಅನಿಲ್ ಬಿಸ್ವಾಸ್ ಹಾಡಿಸಿದ ‘ದಿಲ್ ಜಲ್‌ತಾ ಹೈ’ ಕೇಳಿದರೆ ಸೈಗಲ್ ನೆನಪಾಗುವುದು ನಿಜ. ಆಗ ಮುಕೇಶ್‌ಗೆ ಇಪ್ಪತ್ತೆರಡರ ವಯಸ್ಸು. ಆ ಕಾಲದಲ್ಲಿ ಹಾಡಲು ಬಂದ ಯಾವ ಹುಡುಗನ ಗಂಟಲಲ್ಲಿ ಸೈಗಲ್ ಇರಲಿಲ್ಲ? ಕಿಶೋರ್ ಅಭಿಮಾನಿಗಳು 1948ರ ‘ಜಿದ್ದಿ’ಯ ಹಾಡನ್ನು ಒಮ್ಮೆ ಹಾಕಿಕೊಂಡು ಕೇಳಲಿ. ಮರುವರ್ಷವೇ ‘ಅಂದಾಜ್’ನಲ್ಲಿ ನೌಷಾದ್ ದಿಲೀಪ್ ಕುಮಾರ್‌ಗಾಗಿ ಮುಕೇಶರಿಂದ ಹಾಡಿಸುವ ಹೊತ್ತಿಗೆ ಸೈಗಲ್ ನೆರಳು ಸರಿದು ಸ್ವಂತ ದನಿ ಬಂದಿತ್ತು.

ಅದೇ ‘ಅಂದಾಜ್’ನಲ್ಲಿ ರಾಜ್ ಕಪೂರ್‌ಗೆ ಹಾಡಿದವರು ಯಾರು ಗೊತ್ತೇ? ರಫಿ! ‘ಚೋರಿ ಚೋರಿ’ಯಲ್ಲಿ ಮನ್ನಾ ಡೇ. ಹಾಗಿದ್ದೂ ‘ರಾಜ್ ಕಪೂರ್ ಇಲ್ಲದಿದ್ದರೆ ಮುಕೇಶ್ ಇಲ್ಲ’ ಎನ್ನುವ ಮಾತು ಹೇಗೋ ಬದುಕಿಕೊಂಡಿದೆ. ‘ಮಧುಮತಿ’, ‘ಯಹೂದಿ’ಗಳಲ್ಲಿ ದಿಲೀಪ್, ‘ಶೋರ್’ನಲ್ಲಿ ಮನೋಜ್ ಕುಮಾರ್, ‘ಆನಂದ್’ನಲ್ಲಿ ರಾಜೇಶ್ ಖನ್ನಾ, ‘ಕಭೀ ಕಭೀ’ಯಲ್ಲಿ ಅಮಿತಾಭ್. ಮುಕೇಶ್‌ಗೆ ಬಂದ ನಾಲ್ಕು ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ರಾಜ್ ಕಪೂರ್ ಚಿತ್ರ ‘ಅನಾಡಿ’ ಒಂದೇ. ಆ ಜೋಡಿ ದೊಡ್ಡದು, ಅದನ್ನು ಅಲ್ಲಗಳೆಯುವ ಅಭಿಮಾನಿ ನಾನಲ್ಲ. ಆದರೆ ಜೋಡಿ ಬೇರೆ, ಹಂಗು ಬೇರೆ.

ಬರೀ ಅಳುತ್ತಾರಂತೆ! ‘ಸುಹಾನಾ ಸಫರ್’, ‘ಛಲಿಯಾ’ದ ಮಳೆಯ ಹಾಡು, ‘ಶ್ರೀ 420’ರ ಜಪಾನೀ ಬೂಟಿನ ಹಾಡು ಕೇಳಿ ಯಾರು ಅತ್ತರೋ ನಾನರಿಯೆ. ರಫಿ, ಲತಾರಿಗೆ ಹೋಲಿಸಿದರೆ ಹಾಡಿದ್ದು ಕಡಿಮೆ ಎಂಬುದು ಒಂದು ದೂರೇ ಅಲ್ಲ. ಲತಾರ ಜೊತೆ ಅಮೆರಿಕಕ್ಕೆ ಕಛೇರಿಗೆಂದು ಹೋದವರು 1976ರ ಆಗಸ್ಟ್ 27ರಂದು ಡೆಟ್ರಾಯಿಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗಿನ್ನೂ ಐವತ್ಮೂರು.

ಈಗ ದೊಡ್ಡ ದೂರಿಗೆ ಬರೋಣ. ಮುಕೇಶ್ ಬೇಸುರ, ಶ್ರುತಿ ಬಿಡುತ್ತಾರೆ, ಮೂಗಿನಲ್ಲಿ ಹಾಡುತ್ತಾರೆ. ಮೂಗಿನ ಮಾತು ಒಪ್ಪಿದೆ. ಅದು ಆ ದನಿಯ ಗುರುತೇ ಹೊರತು ದೋಷವಲ್ಲ. ಮೇಲಿನ ಸ್ವರಗಳಿಗೆ ಏರುವಾಗ ಗಂಟಲು ಬಿಗಿಯುತ್ತಿದ್ದುದೂ ನಿಜ. ಕೆಲವು ವೇದಿಕೆಯ ಧ್ವನಿಮುದ್ರಣಗಳಲ್ಲಿ ಸ್ವರ ಕೂದಲೆಳೆಯಷ್ಟು ಕೆಳಗಿಳಿದದ್ದು ನನ್ನಂಥ ಅಭಿಮಾನಿಯ ಕಿವಿಗೂ ಬೀಳುತ್ತದೆ. ಆದರೆ ಚಿತ್ರದ ಹಾಡುಗಳ ಕಥೆ ಬೇರೆ. ಶ್ರುತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವ ಅನುಕೂಲ ಆಗಿರಲಿಲ್ಲ. ವಾದ್ಯದವರೂ ಗಾಯಕರೂ ಒಟ್ಟಿಗೇ ನುಡಿಸಿ ಹಾಡಬೇಕು, ಒಬ್ಬ ಪಿಟೀಲಿನವನು ತಪ್ಪಿದರೂ ಮತ್ತೆ ಮೊದಲಿಂದ. ಹಾಗೆ ಹಾಡಿದ್ದನ್ನು ಕೇಳಿ ‘ಓಕೆ’ ಅನ್ನುತ್ತಿದ್ದವರು ನೌಷಾದ್, ರೋಶನ್, ಶಂಕರ್–ಜೈಕಿಶನ್, ಮದನ್ ಮೋಹನ್, ಸಲಿಲ್ ಚೌಧರಿ. ಇವರ ಕಿವಿಗೆ ಬೀಳದ ಅಪಸ್ವರ ನಮ್ಮ ಮಿತ್ರರಿಗೆ ಕಾರಿನ ಸ್ಟೀರಿಯೋದಲ್ಲಿ ಕೇಳಿಸಿದೆ ಎಂದರೆ ನಮಸ್ಕಾರ.

ಅದರಲ್ಲೂ ಸಲಿಲ್‌ದಾ ಟ್ಯೂನುಗಳು ಸುಲಭದವಲ್ಲ. ಎಲ್ಲಿ ಯಾವ ಕಡೆ ಹೊರಳುತ್ತವೆಂದು ಊಹಿಸುವುದೇ ಕಷ್ಟ. ‘ಆನಂದ್’ ಚಿತ್ರಕ್ಕೆ ಮನ್ನಾ ಡೇ ಬಂದು ಹಾಡಿ ಹೋಗಿದ್ದಾರೆ, ಹಾಗಾಗಿ ಬೇರೆ ಗಾಯಕರು ಸಿಗಲಿಲ್ಲವೆಂಬ ನೆಪ ನಡೆಯದು. ಜಿಗಿಯುವ ರಾಗದ ಹಾಡನ್ನು ಅವರಿಗೆ ಕೊಟ್ಟ ಸಲಿಲ್‌ದಾ, ಸಾವು ಹತ್ತಿರವಾದವನು ಸಂಜೆಯಲ್ಲಿ ಒಬ್ಬನೇ ಹಾಡಿಕೊಳ್ಳುವ ಹಾಡನ್ನು ಮುಕೇಶ್‌ಗೆ ಕೊಟ್ಟರು. ಅಲ್ಲಿ ಬೇಕಿದ್ದುದು ವಿದ್ವತ್ತಲ್ಲ, ತನಗೆ ತಾನೇ ಹಾಡಿಕೊಳ್ಳುವವನ ದನಿ.

ಧಾರವಾಡದ ಕಡೆಯ ಸಂಗೀತಪ್ರಿಯರ ತಕರಾರು ಬೇರೆ: ತಾನಿಲ್ಲ, ಆಲಾಪವಿಲ್ಲ. ಮನ್ಸೂರರನ್ನೂ ಭೀಮಸೇನ ಜೋಶಿಯವರನ್ನೂ ಕೇಳಿ ಬೆಳೆದ ಕಿವಿಗೆ ಹಾಗನಿಸುವುದು ಸಹಜವೇ. ತಾನು ಬೇಕಾದಾಗ ಶಂಕರ್–ಜೈಕಿಶನ್ ಕೂಡ ‘ಬಸಂತ್ ಬಹಾರ್’ಗೆ (1956) ಮನ್ನಾ ಡೇ ಜೊತೆ ಭೀಮಸೇನರನ್ನೇ ಕೂರಿಸಿದರು. ಆದರೆ ತಾನು ಹೊಡೆದರಷ್ಟೇ ರಾಗವೇ? ದತ್ತಾರಾಮ್ ‘ಪರವರಿಶ್’ನಲ್ಲಿ, ಮದನ್ ಮೋಹನ್ ‘ಸಂಜೋಗ್’ನಲ್ಲಿ, ಕಲ್ಯಾಣಜಿ–ಆನಂದಜಿ ‘ಸರಸ್ವತಿಚಂದ್ರ’ದಲ್ಲಿ ಯಮನ್ ರಾಗದಲ್ಲಿ ಹಾಡು ಕಟ್ಟಿ ಒಪ್ಪಿಸಿದ್ದು ಮುಕೇಶ್‌ಗೇ. ಮೊದಲಿನದರಲ್ಲಿ ಯಮನ್ ಸೋತು ಕೂತಿದೆ, ಕೊನೆಯದರಲ್ಲಿ ಹೆಣ್ಣಿನ ಚೆಲುವನ್ನು ಹೊಗಳುತ್ತಿದೆ. ಒಂದೇ ರಾಗಕ್ಕೆ ಇಷ್ಟು ಮುಖ ತೋರಿಸಲು ಅವರು ಮಾಡಿದ್ದಿಷ್ಟೇ: ಮಾತನ್ನು ನುಂಗದೆ, ಸ್ವರವನ್ನು ಎಳೆದಾಡದೆ ಹಾಡಿದರು.

ಇಷ್ಟಾದರೂ ಒಪ್ಪದವರಿಗೆ 1974ರ ‘ರಜನೀಗಂಧಾ’ ಇದೆ. ಮುಂಬೈಯ ಟ್ಯಾಕ್ಸಿ, ಹಳೆಯ ಪ್ರೇಮಿಯ ಪಕ್ಕ ಕೂತ ವಿದ್ಯಾ ಸಿನ್ಹಾ. ಯಾರ ತುಟಿಯೂ ಅಲುಗುವುದಿಲ್ಲ. ಎರಡು ಮನಸ್ಸಾದ ಹೆಣ್ಣಿನ ಒಳಮಾತನ್ನು ಬಾಸು ಚಟರ್ಜಿ, ಸಲಿಲ್‌ದಾ ಸೇರಿ ಗಂಡು ದನಿಯಲ್ಲಿ ಹೇಳಿಸಿದ್ದಾರೆ. ರಫಿ ಹಾಡಿದ್ದರೆ ಅಲ್ಲಿ ಒಬ್ಬ ನಾಯಕ ಎದ್ದು ನಿಲ್ಲುತ್ತಿದ್ದ. ಮುಕೇಶ್ ಹಾಡಿದ್ದರಿಂದ ಅವಳ ಯೋಚನೆ ಮಾತ್ರ ಕೇಳಿಸುತ್ತದೆ. ರಾಷ್ಟ್ರಪ್ರಶಸ್ತಿ ಬಂದದ್ದು ಈ ಹಾಡಿಗೇ. ಬೇಸುರ ಎನ್ನುವವರು ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತು ಇದನ್ನು ಕೇಳಲಿ, ಅಪಸ್ವರ ಯಾವ ಜಾಗದಲ್ಲಿದೆ ಎಂದು ತೋರಿಸಲಿ. ತೋರಿಸಿದ ಮೇಲೆ ಮುಂದಿನ ಮಾತು.